ಕಳ್ಳ ಅಂದವ ಯಾರು?

ಕಳೆದ ವಾರ ನಾನು ಒಬ್ಬ ಅಂತಾರಾಷ್ಟ್ರೀಯ ಕಳ್ಳನನ್ನು ಹಿಡಿದೆ. ಕಾರವಾರದ ಹಬ್ಬುವಾಡದ ನಮ್ಮ ಮನೆಯಲ್ಲಿ, ಚಹಾ ಕುಡಿಯುತ್ತ, ಮೊಬೈಲಿನಲ್ಲಿ!

ಹೆಸರು ಎಲಿಯಾಸ್. ನನ್ನ ಅತ್ತೆಯ ಮಗ ಮಂಜು ಅಡುಗೆಯವನಾಗಿದ್ದ ಹಡಗಿನಲ್ಲೇ ಇದ್ದವನು. ನಡುಸಮುದ್ರದಲ್ಲಿ ಮಂಜುಗೆ ಜ್ವರ ಏರಿದಾಗ ಹನ್ನೊಂದು ದಿನ ಗಂಜಿ ಕುಡಿಸಿ ಉಳಿಸಿಕೊಂಡವನು. ಮುಂದಿನ ತಿಂಗಳು ಮಂಜುವಿನ ಮದುವೆ. ಎಲಿಯಾಸ್ ಬರಲೇಬೇಕೆಂದು ಅತ್ತೆಯ ಹಟ. ಯಾರಪ್ಪ ಈ ಪುಣ್ಯಾತ್ಮ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಹಿಡಿದುಕೊಡಿ ಎಂದು ಎಲ್ಲ ದೇಶಗಳ ಪೊಲೀಸರಿಗೆ ಹೋದ, ಫೋಟೊ ಸಮೇತದ ರೆಡ್ ನೋಟಿಸ್! ಆರೋಪ: ಕಳ್ಳತನ.

ಬೈಕ್ ಹತ್ತಿ ಅಂಕೋಲೆಗೆ ಓಡಿದೆ. ನಾಗವೇಣಿ ಅತ್ತೆ ಅಂಗಳದಲ್ಲಿ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು.

“ಅತ್ತೆ, ಅಂವ ಕಳ್ಳ! ಜಗತ್ತಿನ ಪೊಲೀಸರೆಲ್ಲ ಹುಡುಕ್ತಾ ಇದ್ದಾರೆ.”

ಅತ್ತೆ ತಲೆ ಎತ್ತಲಿಲ್ಲ. “ಕಳ್ಳ ಅಂದವ ಯಾರು?”

“ಅವನ ದೇಶದ ಸರ್ಕಾರ.”

“ಅಂವ ಯಾರಿಗೆ ಹೆದ್ರಿ ಓಡಿ ಹೋದದ್ದು?”

“ಅದೇ ಸರ್ಕಾರಕ್ಕೆ...” (ಹಡಗು ಬಿಟ್ಟ ಮೇಲೆ ತನ್ನೂರಿನ ಬಂದರು ಅಧಿಕಾರಿಗಳ ವಿರುದ್ಧ ಬರೆದು, ಜೀವಭಯಕ್ಕೆ ಇನ್ನೊಂದು ದೇಶದಲ್ಲಿ ಆಶ್ರಯ ಪಡೆದವನು. ಮಂಜು ಹಿಂದೆಯೇ ಹೇಳಿದ್ದ. ನಾನು ಮರೆತಿದ್ದೆ.)

“ಮತ್ತೆ? ನಿನ್ನ ಮಾವನ ಕತೆ ಮರ್ತ್ಯಾ ತಮಾ?”

ಮರೆಯುವುದುಂಟೆ? ಮಾವ ತಾಂಡೇಲ, ಬೋಟು ನಡೆಸುವವ. ಗಾಳಿಯ ಮುನ್ಸೂಚನೆ ಇದ್ದ ದಿನ ಮೀನಿಗೆ ಹೋಗಲೊಲ್ಲೆ ಎಂದು ಕೆಲಸ ಬಿಟ್ಟ. ಬೋಟಿನ ಮಾಲಕ ಎಲ್ಲ ಬಂದರಿಗೂ ಫೋನ್ ಮಾಡಿದ: ‘ಬಲೆ ಕದ್ದು ಓಡಿದ್ದಾನೆ, ಯಾರೂ ಹತ್ತಿಸ್ಕೊಳ್ಬೇಡಿ.’ ಗೋವಾದವರೆಗೂ ಯಾವ ಬೋಟೂ ಮಾವನನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಕಾರವಾರದ ಮಾಲಕರೊಬ್ಬರು ಕೂರಿಸಿ ಕೇಳಿದರು, “ಈಗ ನಿನ್ನ ಮಾತು ಹೇಳು.” ಅಷ್ಟೇ. ಮಾವ ಮತ್ತೆ ಕಡಲಿಗಿಳಿದ. (ಬಲೆ? ಹಳೇ ಮಾಲಕನ ಮನೆಯ ಮಾಡಿನಲ್ಲೇ ಇತ್ತು.)

ಸಂಜೆ ಮನೆಗೆ ಬಂದ ಮಂಜುವಿನ ಮೊಬೈಲಿಗೆ ಎಲಿಯಾಸನೇ ಫೋನ್ ಮಾಡಿದ. ಆಶ್ರಯ ಸಿಕ್ಕವನ ಮೇಲೆ ಅವನು ಬಿಟ್ಟು ಬಂದ ದೇಶವೇ ಕೇಳಿ ಹೊರಡಿಸಿದ ನೋಟಿಸನ್ನು ತೆಗೆಯಬೇಕೆಂಬ ನಿಯಮ ಇದೆಯಂತೆ. ಅರ್ಜಿ ಕೊಟ್ಟಿದ್ದಾನಂತೆ. ಆದರೆ ನೋಟಿಸು ತೆಗೆಯುವ ಮೊದಲು ಗಡಿ ದಾಟಿದರೆ ಯಾವುದೋ ಏರ್‌ಪೋರ್ಟಿನಲ್ಲಿ ಹಿಡಿದು, ಯಾರಿಂದ ತಪ್ಪಿಸಿಕೊಂಡನೋ ಅವರ ಕೈಗೇ ಕೊಟ್ಟಾರು. ಮದುವೆಗೆ ಬರಲಾರೆ ಎಂದು ಅವನು ಹೇಳಿದ್ದನ್ನು ಮಂಜು ತಡವರಿಸುತ್ತ ಕನ್ನಡಕ್ಕೆ ಇಳಿಸಿದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರೂದೇ ಬೇಡ ಮಗಾ. ಜೀವ ಇದ್ರೆ ಇನ್ನೊಂದು ದಿನ ಉಂಬಲಕ್ಕು. ನಿನ್ನ ಎಲೆ ನಾ ಹಾಕಿ ಇಡ್ತೆ.”

ನನಗೆ ನಾಚಿಕೆಯಾಯಿತು. ಡಿಗ್ರಿ, ಇಂಟರ್‌ನೆಟ್ ಎರಡೂ ಇದ್ದ ನನಗೆ ಹೊಳೆಯದ ಪ್ರಶ್ನೆಯನ್ನು ಅತ್ತೆ ಬಂಗಡೆ ಕೊಯ್ಯುತ್ತಲೇ ಕೇಳಿದ್ದಳು.

ಕಳ್ಳರ ಫೋಟೊ ತೋರಿಸುವ ಕಂಪ್ಯೂಟರು ಎಲ್ಲ ಏರ್‌ಪೋರ್ಟಿನಲ್ಲೂ ಇದೆ. ಅದರ ಪಕ್ಕ ಕೂರಿಸಲು ಅಷ್ಟೊಂದು ನಾಗವೇಣಿ ಅತ್ತೆಯರನ್ನು ಎಲ್ಲಿಂದ ತರೋಣ?