ಸುತ್ತು ಬರಬಾರದ ಬುಗ್ಗೆ

ಅಕ್ಕಿ ತೊಳೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಪಕ್ಕದ ಮನೆಯ ನೋರಾ ಆಂಟಿ ತೀರಿಕೊಂಡರಂತೆ. ನಿದ್ದೆಯಲ್ಲೇ ಹೋದರು ಎಂದಳು ನರ್ಸ್. ಅಷ್ಟನ್ನಾದರೂ ದೇವರು ನಡೆಸಿಕೊಟ್ಟ.

ಹುಡುಗಿಯಾಗಿದ್ದಾಗಲೇ ಐರ್ಲೆಂಡಿನಿಂದ ಭೂಮಿಯ ದಕ್ಷಿಣ ತುದಿಯ ಈ ಒನೆಹುಂಗಾಕ್ಕೆ ಬಂದವರು ಅವರು. ತಮ್ಮ ಕಡೆಯ ಯಾವ ನದಿ, ಬಯಲಿನ ಹೆಸರೆತ್ತಿದರೂ ಅಲ್ಲಿ ಸತ್ತವರು ಯಾರೆಂದು ಹೇಳದೆ ಬಿಡುತ್ತಿರಲಿಲ್ಲ. ಕಾಡು ಕಡಿದು ಬಯಲು ಮಾಡಿ, ಆ ದಣಿವಿಗೇ ಸತ್ತ ಟಾಲ್ಟು ಎಂಬವಳ ಕಥೆಯನ್ನು ನನ್ನ ಚಕ್ಕುಲಿ ಕಡಿಯುತ್ತಲೇ ಹೇಳಿದ್ದರು. "ನಮ್ಮ ಊರುಗಳೆಲ್ಲ ಯಾರದೋ ಸಮಾಧಿಗಳೇ ಕಣೇ" ಎಂದು ನಗುತ್ತಿದ್ದರು.

ಅವರ ಹಿತ್ತಿಲಿನ ಕರಿಕಲ್ಲುಗಳ ನಡುವೆ ಒಂದು ನೀರಿನ ಬುಗ್ಗೆ, ಅದಕ್ಕೆ ಮರದ ಮುಚ್ಚಳ. ಆಂಟಿ ಅದರ ಬಳಿಗೆ ನೆಟ್ಟಗೆ ಹೋಗಿ, ಬಂದ ಹೆಜ್ಜೆಯಲ್ಲೇ ಹಿಂದೆ ಹಿಂದೆ ಬರುತ್ತಿದ್ದರು. ನನಗೇನು ಗೊತ್ತು? ಒಂದು ಶುಕ್ರವಾರ ಕಲ್ಲಿಗೆ ಕುಂಕುಮವಿಟ್ಟು ಪ್ರದಕ್ಷಿಣೆ ಬರತೊಡಗಿದೆ. ಅರ್ಧ ಸುತ್ತು ಆಗಿತ್ತು, ಆಂಟಿ ಓಡಿಬಂದು ನನ್ನ ಸೆರಗು ಹಿಡಿದರು.

"ಬಂದ ಹಾಗೇ ವಾಪಸ್ ಬಾ."

ಆಮೇಲೆ ತಮ್ಮ ಕಡೆಯ ಬೋವನ್ ಎಂಬವಳ ಕಥೆ ಹೇಳಿದರು. ಸುತ್ತಬಾರದೆಂದ ಬಾವಿಯನ್ನು ಹಟಕ್ಕೆ ಎಡಸುತ್ತು ಬಂದಳಂತೆ. ನೀರು ಉಕ್ಕಿ ಒಂದು ಕಣ್ಣು, ಒಂದು ಕೈ, ಒಂದು ತೊಡೆ ಕಿತ್ತುಕೊಂಡು, ಸಮುದ್ರದ ತನಕ ಅಟ್ಟಿಸಿಕೊಂಡು ಹೋಯಿತಂತೆ. ಆ ನೀರೇ ಅವಳ ಹೆಸರಿನ ನದಿ. ನಾನು ಬಲಕ್ಕೇ ಸುತ್ತಿದ್ದೆನಲ್ಲ ಎಂದೆ.

"ಅದೇ ನನ್ನ ಭಯ. ಇಲ್ಲಿ ಸೂರ್ಯ ಉತ್ತರದ ಕಡೆ ಹೋಗ್ತಾನೆ. ಯಾವ ಸುತ್ತು ಸರಿ ಅನ್ನೋದು ನೀರಿಗೇ ಗೊತ್ತು."

ಆ ಸಂಜೆ ನಮ್ಮ ಬಚ್ಚಲಿನಲ್ಲಿ ನೀರು ಮೇಲೆ ಬಂದು ಹೊಸ್ತಿಲ ತನಕ ನಿಂತಿತು. ಮೋರಿ ಕಟ್ಟಿದೆ ಎಂದರು ನಮ್ಮ ಯಜಮಾನರು. ಮಗಳ ಪಾದ ನೆನೆಯಲಿಲ್ಲ, ಅದೇ ದೊಡ್ಡದು.

ಹೋದ ವಾರ ಆಸ್ಪತ್ರೆಯಲ್ಲಿ ಆಂಟಿ ನನ್ನ ಕೈ ಬಿಡಲಿಲ್ಲ. "ನಾನು ಹೋದ ದಿನಾನೇ ಬುಗ್ಗೆ ಹತ್ರ ನನ್ನ ಹೆಸರು ಕೂಗಿಬಿಡು. ಅದಕ್ಕೆ ಒಬ್ಬಳ ಹೆಸರು ಬೇಕು. ಸಿಗದಿದ್ರೆ ಇನ್ನೊಬ್ಬಳನ್ನ ಹುಡುಕುತ್ತೆ."

ಚೆಂಡು ಬಿದ್ದಾಗಲೆಲ್ಲ ನನ್ನ ಮಗಳು ಬೇಲಿ ದಾಟಿ ಅಲ್ಲಿಗೇ ಹೋಗುವವಳು. ಹೂಂ ಎಂದೆ.

ಫೋನ್ ಇಟ್ಟು ಆಂಟಿಯ ಹಿತ್ತಿಲಿಗೆ ಹೋದೆ. ಮುಸ್ಸಂಜೆಯಲ್ಲಿ ಸತ್ತವರ ಹೆಸರು ಕೂಗಬಾರದೆಂದು ಕೇಳಿ ಬೆಳೆದವಳು ನಾನು. ವಾರಗಳಿಂದ ಮಳೆಯಿಲ್ಲ, ನೆಲ ಬಿರುಕು ಬಿಟ್ಟಿತ್ತು. ಆದರೆ ಆ ಶುಕ್ರವಾರ ನಾನು ಅರ್ಧಕ್ಕೆ ಬಿಟ್ಟ ಸುತ್ತಿನ ಉಳಿದರ್ಧ ಒದ್ದೆಯಾಗಿತ್ತು, ಯಾರೋ ಹಸಿ ಪಾದದಲ್ಲಿ ನಡೆದು ಮುಗಿಸಿದಂತೆ. ಮುಚ್ಚಳದ ಕೆಳಗೆ ನೀರು ಗುಳುಗುಳು ಎನ್ನುತ್ತಿತ್ತು.

"ನೋರಾ" ಎಂದು ಕೂಗಿದೆ. ಅವರನ್ನು ಆಂಟಿ ಎನ್ನದೆ ಕರೆದದ್ದು ಅದೇ ಮೊದಲು.

ಸದ್ದು ನಿಂತಿತು.

ಬಂದ ಹೆಜ್ಜೆಯಲ್ಲೇ ಹಿಂದೆ ಹಿಂದೆ ಬಂದೆ. ದೇವರಿಗೆ ದೀಪ ಹಚ್ಚಿ, ಅರ್ಧ ತೊಳೆದಿಟ್ಟಿದ್ದ ಅಕ್ಕಿಗೆ ಮತ್ತೆ ನೀರು ಹಾಕಿದೆ. ಕೈಯನ್ನು ಸುತ್ತು ತಿರುಗಿಸದೆ ಹಾಗೇ ಬಸಿದೆ.