ಆಚೆಮನೆಯ ಅಕ್ಕ ಮತ್ತು ನನ್ನ ಸೊಸೆಯ ಸುಮಾನ್

ಇವತ್ತು ಬೆಳಿಗ್ಗೆ ತೆಂಗಿನಹಾಲಿನಲ್ಲಿ ಬೇಯುವ ಅಂಟಕ್ಕಿ, ಬಾಡಿಸಿದ ಬಾಳೆಲೆ, ಎರಡರ ಪರಿಮಳ ಸೇರಿ ಮಂಗಳೂರು ಕೊಟ್ಟಾರದ ನಮ್ಮ ಮನೆ ತುಂಬಿತು. ಮೊಮ್ಮಗಳು ಮೊದಲ ಸಲ ತಾನೇ ಸುಮಾನ್, ಅವಳ ಅಮ್ಮನ ಊರಿನ ಎಲೆಕಡುಬು, ಕಟ್ಟಿದ್ದಾಳೆ. ನಾನು ಹೆಚ್ಚು ಶಾಲೆ ಕಲಿತವಳಲ್ಲ, ಇಷ್ಟು ಸಂತೋಷವನ್ನು ಹೇಗೆ ಬರೆಯುವುದೋ ಗೊತ್ತಿಲ್ಲ... ಆದರೆ ಆ ಹಬೆ ಮೂಗಿಗೆ ಬಡಿದಾಗ ನೆನಪಾದದ್ದು ಆಚೆಮನೆಯ ಅಕ್ಕ. ಇಂಥ ದಿನವೂ ಬಿಡದ ಹೆಂಗಸು.

ಅರಶಿನ ಎಲೆಯಲ್ಲಿ ಬೇಯಿಸುವ ಕಡುಬು, ನಮ್ಮ ಗಟ್ಟಿ, ಮಾಡಲು ಮಂಗಳೂರಿನಲ್ಲಿ ತನಗೊಬ್ಬಳಿಗೇ ಬರುವುದು ಎಂಬ ಜಂಬ ಅವರಿಗೆ. ಬೇರೆಯವರು ಕೊಟ್ಟ ತಿಂಡಿಯನ್ನು ಸತ್ತ ಜಿರಲೆಯ ಹಾಗೆ ನೋಡುತ್ತಿದ್ದರು. ಅವರ ಗಟ್ಟಿಯೋ, ಎಸೆದರೆ ಗೋಡೆ ಬಿರುಕು ಬಿಡಬೇಕು.

ದುಬೈಯಲ್ಲಿದ್ದ ನನ್ನ ಮಗ ಫಿಲಿಪ್ಪೀನ್ಸಿನ ಹುಡುಗಿಯನ್ನು ಮದುವೆಯಾಗಿ ಕರೆತಂದ. ಸೊಸೆ ತನ್ನೂರಿನ ಸುಮಾನ್ ಮಾಡಿ ಮೊದಲು ಕೊಟ್ಟದ್ದು ಅವರಿಗೇ. ಅವರು ತಿಂದರೆ ಈ ಊರು ತನ್ನನ್ನು ಒಪ್ಪಿದ ಹಾಗೆ ಎಂದು ಅವಳ ಮನಸ್ಸಿನಲ್ಲಿ. ತಟ್ಟೆ ಹಿಂದೆ ಬಂತು, ಅದರಲ್ಲಿ ಒಂದು ಹಿಡಿ ಸಕ್ಕರೆ. ತಟ್ಟೆ ಖಾಲಿ ಕೊಡಬಾರದೆಂಬುದು ನಮ್ಮ ಕ್ರಮ, ಅಷ್ಟೇ.

"ಮಾಮಿ, ಸಿಹಿ ಸಾಲದು ಅಂತಲಾ?" ಎಂದಳು ಸೊಸೆ.

ಎಷ್ಟು ಹೇಳಿದರೂ ನಂಬಲಿಲ್ಲ. ಮುಂದಿನ ಸಲ ಬೆಲ್ಲ ಹೆಚ್ಚು ಹಾಕಿದಳು. ಮತ್ತೆ ಸಕ್ಕರೆ ಬಂತು. ಇನ್ನೂ ಹೆಚ್ಚು ಹಾಕಿದಳು. ಒಂದು ದಿನ ಬಟ್ಟೆ ಒಣಗಿಸುವಾಗ ನೋಡಿದೆ... ಅಕ್ಕ ಎಲೆಯನ್ನೂ ಬಿಚ್ಚದೆ ಅದನ್ನು ಬಾಳೆಬುಡಕ್ಕೆ ಎಸೆಯುತ್ತಿದ್ದರು.

ಆಮೇಲಿನ ತಟ್ಟೆ ನಾನೇ ಹಿಡಿದುಕೊಂಡು ಹೋದೆ.

"ಅಕ್ಕ, ನನ್ನೆದುರು ಒಂದು ತಿನ್ನಿ."

"ಎಂತ ಮಾರಾಯ್ತಿ, ಎಲ್ಲಿಯದ್ದೋ ಅಕ್ಕಿ, ಎಲ್ಲಿಯದ್ದೋ ಹುಡುಗಿ."

"ತೆಂಗಿನಕಾಯಿ ನಿಮ್ಮ ಮರದ್ದು, ಹುಡುಗಿ ನನ್ನವಳು. ಇನ್ನೆಂತ ಉಂಟು?"

ಕಷಾಯ ಕುಡಿಯುವ ಮುಖ ಮಾಡಿ ತಿಂದರು. ಬಾಯಿ ಒರೆಸಿಕೊಂಡು, "ಸಿಹಿ ಜಾಸ್ತಿ ಆಯ್ತು" ಎಂದರು.

ಅದನ್ನು ಕೇಳಿ ಸೊಸೆ ಕುಣಿಯುವುದೊಂದು ಬಾಕಿ. ತಿಂದರಲ್ಲ, ಅಷ್ಟು ಸಾಕು ಅವಳಿಗೆ. ಆಮೇಲೆ ವರ್ಷಗಟ್ಟಲೆ ಅದೇ ಕತೆ. ಉಪ್ಪಿಲ್ಲ, ಎಲೆ ಬಾಡಲಿಲ್ಲ, ಕಟ್ಟಿದ್ದು ಸಡಿಲ. ಒಳ್ಳೆಯದುಂಟು ಎಂಬ ಮಾತು ಆ ಬಾಯಿಂದ ಬರಲೇ ಇಲ್ಲ. ಒಂದು ತುಂಡನ್ನೂ ಬಿಡಲಿಲ್ಲ, ಅದು ಬೇರೆ.

ಹೋದ ವರ್ಷ ತೀರಿಕೊಂಡರು...

ಇವತ್ತು ನೆರೆಕರೆಯವರೆಲ್ಲ ಬಂದು ತಿಂದು, "ಸೂಪರ್" ಎಂದು ಹೋದರು. ಮೊಮ್ಮಗಳು ನನ್ನ ಸೆರಗು ಹಿಡಿದು, "ನಿಜ ಹೇಳು ಅಜ್ಜಿ, ಹೇಗುಂಟು?" ಎಂದು ಕೇಳಿದಳು. ಒಳಗೆ ಅಕ್ಕಿ ಅರ್ಧವೂ ಬೆಂದಿರಲಿಲ್ಲ. ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವ ಬಾಯಿ ಈಗ ಆಚೆಮನೆಯಲ್ಲಿಲ್ಲ. ನಾನು ಅಜ್ಜಿ, ನನ್ನಿಂದ ಆಗುವ ಕೆಲಸವಲ್ಲ ಅದು. ಇನ್ನೊಂದು ಕೊಡು ಎಂದೆ.