ಚಲೋ ಎಂದರೆ ಎದ್ದು ಹೊರಡುವುದು

ವಿಜಯನಗರದಲ್ಲಿ ಅನಂತಲಕ್ಷ್ಮಿಯವರು ನಡೆಸುತ್ತಿದ್ದ ಬೇಬಿ ಸಿಟ್ಟಿಂಗಿನಲ್ಲಿ 2007ರಲ್ಲಿ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ಆರು ಮಂದಿಗೆ ಮಾತು ಬರುತ್ತಿತ್ತು, ಮೂವರಿಗೆ ಅರ್ಧ ಬರುತ್ತಿತ್ತು, ಇನ್ನಿಬ್ಬರು ಬರುತ್ತದೆ ಎಂದು ನಟಿಸುತ್ತಿದ್ದರು. ಹನ್ನೊಂದು ಮಂದಿಗೂ ತಪ್ಪದೆ ಗೊತ್ತಿದ್ದ ಮಾತು ಒಂದೇ: ‘ಚಲೋ’. ಅದನ್ನು ಕಲಿಸಿದವಳು ಆಯಾ ಲಕ್ಷ್ಮವ್ವ.

ಲಕ್ಷ್ಮವ್ವ ರೋಣದ ಕಡೆಯವಳು. ಗಂಡ ಈರಪ್ಪನೊಂದಿಗೆ ಹೊಸಹಳ್ಳಿಯ ಒಂದು ಕೋಣೆಯ ಮನೆಗೆ ಬಂದು ಆರು ವರ್ಷವಾಗಿತ್ತು, ಆದರೆ ಅವಳ ಮಾತು ಇನ್ನೂ ರೋಣ ಬಿಟ್ಟು ಹೊರಟಿರಲಿಲ್ಲ. ಅವರ ಕಡೆ ಚಲೋ ಎಂದರೆ ಒಳ್ಳೆಯದು, ಚೆನ್ನಾಗಿದೆ ಎಂದು. ಮಧ್ಯಾಹ್ನ ಹನ್ನೆರಡೂವರೆಗೆ ಮಕ್ಕಳನ್ನು ಸಾಲಾಗಿ ಕೂರಿಸಿ ಸ್ಟೀಲ್ ಬೋಗುಣಿಯಲ್ಲಿ ಬೇಳೆ ಅನ್ನ ಕಲೆಸಿ ತಂದು, ಒಂದೊಂದು ತುತ್ತಿಗೂ ‘ಚಲೋ’ ಅನ್ನುವಳು. ಬಾಯಿ ತೆರೆದರೆ ಚಲೋ. ನುಂಗಿದರೆ ಚಲೋ. ಉಗುಳದಿದ್ದರೆ ಭಾಳ ಚಲೋ. ಮಗುವಿಗೆ ಹದಿನೈದು ತುತ್ತು ಎಂದು ಹಿಡಿದು, ತುತ್ತಿಗೆ ಒಂದೇ ಎಂದುಕೊಂಡರೂ ದಿನಕ್ಕೆ ನೂರ ಅರವತ್ತೈದು ಚಲೋ ಆಗುತ್ತಿತ್ತು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ತರಬೇತಿ ಬರುವವರೆಗೆ.

ತರಬೇತಿಗೆ ಕಾರಣ ಮೂರು ವರ್ಷದ ಅನಘಾಳ ತಂದೆ ವಿಶ್ವಾರಾಧ್ಯರು ಕೇಳಿದ ಒಂದು ಪ್ರಶ್ನೆ. ಅವರು ಬ್ಯಾಂಕಿನಲ್ಲಿ ಅಧಿಕಾರಿ. ಯಾವುದನ್ನೂ ಎರಡು ಸಲ ಓದದೆ ಸಹಿ ಹಾಕಿದವರಲ್ಲ. “ನಿಮ್ಮ ಸ್ಟಾಫ್ ಟ್ರೈನ್ಡಾ ಮೇಡಂ?” ಎಂದು ಕೇಳಿದರು. “ಅಯ್ಯೋ, ಎಲ್ಲಾರೂ ಟ್ರೈನ್ಡೇ ಸಾರ್” ಎಂದರು ಅನಂತಲಕ್ಷ್ಮಿ. “ಹಾಗಾದ್ರೆ ತಿಂಗಳ ಕೊನೇ ಶನಿವಾರ ಸರ್ಟಿಫಿಕೇಟ್ ನೋಡಕ್ಕೆ ಬರ್ತೀನಿ” ಎಂದು ಅವರು ಹೋದರು. ಹೇಳಿಯಾದ ಮಾತನ್ನು ನಿಜ ಮಾಡಲು ಅನಂತಲಕ್ಷ್ಮಿಯವರಿಗೆ ಹತ್ತೊಂಬತ್ತು ದಿನ ಸಿಕ್ಕಿತು.

“ಲಕ್ಷ್ಮವ್ವ, ಬೇಜಾರು ಮಾಡ್ಕೋಬೇಡಿ” ಎಂದರು ಅವರು ಮರುದಿನ. “ಇಪ್ಪತ್ತಕ್ಕೆ ಹನ್ನೆರಡು ಮಾರ್ಕ್ಸ್ ತಗೊಂಡ್ರೆ ಪಾಸು. ಇಲ್ಲಾಂದ್ರೆ ನೀವು ಅಡುಗೆಮನೆ ನೋಡ್ಕೊಳ್ಳಿ, ಮಕ್ಕಳ ರೂಮಿಗೆ ಸರ್ಟಿಫಿಕೇಟ್ ಇರೋರನ್ನೇ ಕರೀತೀನಿ.”

ಅಡುಗೆಮನೆಗೂ ಮಕ್ಕಳ ಕೋಣೆಗೂ ನಡುವೆ ಇದ್ದದ್ದು ಒಂಬತ್ತು ಅಡಿ. ಅನಘಾ ಲಕ್ಷ್ಮವ್ವನ ತೊಡೆಯ ಮೇಲಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ. ಆ ಒಂಬತ್ತು ಅಡಿಯನ್ನು ನೆನೆದು ಲಕ್ಷ್ಮವ್ವನಿಗೆ ಅಂದು ಊಟ ಸೇರಲಿಲ್ಲ.

ತರಬೇತಿ ಕೊಡಲು ಬಂದವರು ಶ್ಯಾಮಸುಂದರ ಅವರು. ನಾಗಪುರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುರಕ್ಷತಾ ವಿಭಾಗದಲ್ಲಿದ್ದು ನಿವೃತ್ತರಾಗಿದ್ದರು. ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಸ್ಟಾಪ್‌ವಾಚು, ಚೀಲದಲ್ಲಿ ಒಂದು ರಬ್ಬರ್ ಗೊಂಬೆ.

ಮೊದಲ ಪಾಠ ಗೊಂಬೆಯದು. ಉಸಿರು ನಿಂತ ಮಗುವಿನ ಎದೆಯನ್ನು ಎರಡು ಬೆರಳಿಂದ ಹೇಗೆ ಒತ್ತಬೇಕು ಎಂದು ತೋರಿಸಿ ಅವರು ಅದನ್ನು ಲಕ್ಷ್ಮವ್ವನ ಕೈಗೆ ಕೊಟ್ಟರು. ಅವಳು ಗೊಂಬೆಯ ನೆತ್ತಿ ಮೂಸಿದಳು, ಅಡಿಗೆ ಕೈಯಿಟ್ಟು ನೋಡಿದಳು, “ಒದ್ದಿ ಆಗಿಲ್ಲ ಬಿಡ್ರಿ” ಎಂದು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು.

“ಅಮ್ಮಾ, ಅದಕ್ಕೆ ಉಸಿರಿಲ್ಲ.”

“ಅಯ್ಯ, ಮೊದಲ ಹೇಳಬಾರದೇನ್ರಿ ಸರ” ಎಂದು ಅವಳು ಅದನ್ನು ಕೆಳಗೆ ಮಲಗಿಸಿ ಒತ್ತಿದಳು. ಒತ್ತಿದ್ದು ಸರಿಯಾಗಿಯೇ ಇತ್ತು.

ಎರಡನೆಯದು ಬೆಂಕಿಯ ಪಾಠ. ಶ್ಯಾಮಸುಂದರ ಅವರು ಸೀಟಿ ಊದಿ, ಚಪ್ಪಾಳೆ ತಟ್ಟಿ, ಮೂವತ್ತು ವರ್ಷದ ಅಭ್ಯಾಸದಂತೆ “ಚಲೋ, ಚಲೋ” ಎಂದರು. ಲಕ್ಷ್ಮವ್ವ ಸಂಕೋಚದಿಂದ ನಕ್ಕು ಕೂತೇ ಇದ್ದಳು.

“ಯಾಕೆ ಕೂತಿದೀರಿ?”

“ನಾ ಇನ್ನೂ ಏನೂ ಮಾಡೇ ಇಲ್ರಿ ಸರ, ಆಗಲೇ ಚಲೋ ಅನ್ನಾಕತ್ತೀರಿ.”

“ಚಲೋ ಅಂದ್ರೆ ಎದ್ದು ಹೊರಡಿ ಅಂತ.”

“ನಮ್ಮ ಕಡೆ ಚಲೋ ಅಂದ್ರ ಚಲೋನ ರೀ.”

ಶ್ಯಾಮಸುಂದರ ಅವರು ಒಂದು ಕ್ಷಣ ಯೋಚಿಸಿ, ಆಜ್ಞೆಯ ಪದ ಪದೇ ಪದೇ ಬದಲಾಗಬಾರದು, ಅದೇ ಸುರಕ್ಷತೆಯ ಮೊದಲ ನಿಯಮ ಎಂದರು. ಪದ ಬದಲಾಗಲಿಲ್ಲ; ಲಕ್ಷ್ಮವ್ವನೇ ಬದಲಾಗಬೇಕಾಯಿತು. ಎಷ್ಟು ನಿಷ್ಠೆಯಿಂದ ಬದಲಾದಳೆಂದರೆ, ಅಂದು ಸಂಜೆ ಈರಪ್ಪ ರೊಟ್ಟಿ ಮುರಿದು ಬಾಯಿಗಿಟ್ಟು “ಚಲೋ ಆಗೇತಿ” ಎಂದದ್ದೇ ತಡ, ಎದ್ದು ಬಾಗಿಲಾಚೆ ಹೋಗಿ ನಿಂತಳು.

“ಎಲ್ಲಿಗೆ ಹೊಂಟಿ?”

“ಹೊರಗ.”

“ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತೈತಿ.”

“ಬೆಂಕಿ ಬಿದ್ದಾಗ ರೊಟ್ಟಿ ನೋಡಬಾರದಂತ” ಎಂದಳು ಲಕ್ಷ್ಮವ್ವ.

ಬರಹದ ಪರೀಕ್ಷೆ ಹತ್ತು ಅಂಕದ್ದು. ಅವಳು ಓದಿದ್ದು ನಾಲ್ಕನೇ ಇಯತ್ತೆ. ‘ಬೆಂಕಿ ಕಂಡಾಗ ಮೊದಲು ಏನು ಮಾಡಬೇಕು?’ ಎಂಬುದಕ್ಕೆ ‘ಒಲಿ ಸಣ್ಣ ಮಾಡಬೇಕು’ ಎಂದು ಬರೆದಳು. ‘ಮಗುವಿಗೆ ಜ್ವರ ಬಂದರೆ ಪೋಷಕರಿಗೆ ಏನೆಂದು ತಿಳಿಸಬೇಕು?’ ಎಂಬುದಕ್ಕೆ ‘ಆರಾಮಿಲ್ಲ ಅಂತ’ ಎಂದು ಬರೆದಳು. ಶ್ಯಾಮಸುಂದರ ಅವರು ಕೆಂಪು ಶಾಯಿಯಲ್ಲಿ ‘ಯಾರಿಗೆ?’ ಎಂದು ಕೇಳಿ ಸೊನ್ನೆ ಕೊಟ್ಟಿದ್ದರು. ಒಟ್ಟು ನಾಲ್ಕು ಬಂತು. ಪಾಸಾಗಲು ಇನ್ನು ಎಂಟು ಬೇಕು. ಉಳಿದದ್ದು ಹತ್ತು ಅಂಕದ ಅಣಕು ಕಸರತ್ತು. ಬೆಂಕಿ ಬಿದ್ದಿದೆ ಎಂದುಕೊಂಡು, ಮೂರು ನಿಮಿಷದೊಳಗೆ ಎಲ್ಲರನ್ನೂ ಗೇಟಿನಾಚೆಯ ಹೊಂಗೆ ಮರದ ಕೆಳಗೆ ಸೇರಿಸಬೇಕು.

ಕೊನೆಯ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಶ್ವಾರಾಧ್ಯರು ಬಂದು ಗೇಟಿನ ಹೊರಗೆ ನಿಂತರು. ಅವರ ಪಕ್ಕದಲ್ಲಿ ಅನಂತಲಕ್ಷ್ಮಿ, ಮುಖದಲ್ಲಿ ಬಲವಂತದ ನಗು. ಒಳಗೆ ಶ್ಯಾಮಸುಂದರ ಅವರು ಸ್ಟಾಪ್‌ವಾಚು ಒತ್ತಿ, ಸೀಟಿ ಊದಿ, “ಚಲೋ, ಚಲೋ” ಎಂದರು.

ಲಕ್ಷ್ಮವ್ವ ತಟ್ಟನೆ ಎದ್ದು ನಿಂತಳು.

ಮಕ್ಕಳು ತಟ್ಟನೆ ಕೂತರು. ಹನ್ನೊಂದು ಮಂದಿಯೂ ಗೋಡೆಯುದ್ದಕ್ಕೂ ಸಾಲಾಗಿ ಚಕ್ಕಳಮಕ್ಕಳ ಹಾಕಿ, ತಲೆ ಎತ್ತಿ, ಬಾಯಿ ತೆರೆದರು.

“ಚಲೋ” ಎಂದು ಶ್ಯಾಮಸುಂದರ ಅವರು ದನಿ ಏರಿಸಿದರು. ಬಾಯಿಗಳು ಇನ್ನೂ ಅಗಲವಾದವು. ಅನಘಾ ಮಾತ್ರ ಬಾಯಿ ಮುಚ್ಚಿ, “ಅನ್ನ ಎಲ್ಲಿ ತಾತ?” ಎಂದು ಕೇಳಿ, ಮತ್ತೆ ತೆರೆದಳು.

ನಲವತ್ತು ಸೆಕೆಂಡು ಹೋಯಿತು. ಪದ ಬದಲಿಸುವಂತಿಲ್ಲ. ಒಬ್ಬೊಬ್ಬರನ್ನೇ ಎತ್ತಿ ಒಯ್ದರೆ, ಬಿಟ್ಟು ಬಂದವರು ವಾಪಸು ಓಡಿ ಬರುತ್ತಾರೆ. ಅದು ಲಕ್ಷ್ಮವ್ವನಿಗೆ ಆರು ವರ್ಷದ ಅನುಭವ. ಅವಳು ಅಡುಗೆಮನೆಗೆ ನುಗ್ಗಿ ಖಾಲಿ ಬೋಗುಣಿ, ಚಮಚ ಹಿಡಿದು ಬಂದಳು. ಬೋಗುಣಿಗೆ ಚಮಚದಿಂದ ಟಣ್ ಎಂದು ಬಡಿದು, “ಚಲೋ, ಚಲೋ” ಎನ್ನುತ್ತ ಹಿಂದು ಹಿಂದಕ್ಕೆ ಬಾಗಿಲ ಕಡೆ ನಡೆದಳು. ತೆರೆದ ಬಾಯಿ ತೆರೆದ ಹಾಗೆಯೇ ಹನ್ನೊಂದು ಮಕ್ಕಳೂ ಎದ್ದು ಬೋಗುಣಿಯ ಹಿಂದೆ ಹೊರಟರು. ನಡೆಯಲು ಇನ್ನೂ ಸರಿಯಾಗಿ ಬಾರದವರು ಅಂಬೆಗಾಲಿಟ್ಟರು, ಅವರೂ ಬಾಯಿ ತೆರೆದೇ.

ಮರದ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿ ಲಕ್ಷ್ಮವ್ವ ತಲೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಹನ್ನೊಂದು ಸರಿ ಇದ್ಯಲ್ಲ?” ಎಂದರು ವಿಶ್ವಾರಾಧ್ಯರು.

“ಕೂಸು ಹನ್ನೊಂದು ಅದಾವ್ರಿ. ಸರ ಒಳಗ ಉಳದಾರ” ಎಂದು ಅವಳು ಬೋಗುಣಿಯನ್ನು ಅವರ ಕೈಗೆ ಕೊಟ್ಟು ಒಳಗೆ ಓಡಿದಳು. ಶ್ಯಾಮಸುಂದರ ಅವರು ಕೋಣೆಯ ನಡುವೆ ನಿಂತು ಸ್ಟಾಪ್‌ವಾಚು ನೋಡುತ್ತಿದ್ದರು. ಅವಳು ಅವರ ಮಣಿಕಟ್ಟು ಹಿಡಿದು ಎಳೆದು ತಂದಳು. ಚಪ್ಪಲಿ ಹಾಕಿಕೊಳ್ಳಲು ಬಿಡಲಿಲ್ಲ.

ಎರಡು ನಿಮಿಷ ಐವತ್ತೆರಡು ಸೆಕೆಂಡು. ಬರಿಗಾಲಿನಲ್ಲಿ ನಿಂತು ಅವರು ಅದನ್ನು ಬರೆದುಕೊಂಡರು. ಉಸಿರು ಸುಧಾರಿಸಿಕೊಂಡ ಮೇಲೆ, “ಬೆಂಕಿ ಬಿದ್ದಾಗ ಕೈಯಲ್ಲಿ ಸಾಮಾನು ತರಬಾರದು. ಬೋಗುಣಿಗೆ ಒಂದು ಮಾರ್ಕು ಕಟ್” ಎಂದರು. “ಒಂಬತ್ತು. ಮೊದಲಿಂದು ನಾಲ್ಕು. ಹದಿಮೂರು. ಚಲೋ.”

ಲಕ್ಷ್ಮವ್ವ ಒಂದು ಹೆಜ್ಜೆ ಇಟ್ಟು ನಿಂತಳು. “ಹೋಗೂದೇನ್ರಿ ಸರ?”

“ಇಲ್ಲಮ್ಮ, ಇಲ್ಲೇ ಇರಿ” ಎಂದರು ಅವರು. “ಇದು ನಿಮ್ಮ ಕಡೆಯ ಚಲೋ.”

ಆದರೆ ಆ ಮಾತು ಸಾಲಾಗಿ ಕೂತವರ ಕಿವಿಗೂ ಬಿದ್ದಿತ್ತು. ಹನ್ನೊಂದು ಬಾಯಿಗಳು ಒಟ್ಟಿಗೆ ತೆರೆದು, ಖಾಲಿ ಬೋಗುಣಿ ಹಿಡಿದು ನಿಂತ ವಿಶ್ವಾರಾಧ್ಯರ ಕಡೆ ತಿರುಗಿದವು. ಅವರು ಬೋಗುಣಿಯೊಳಗೆ ಎರಡು ಸಲ ನೋಡಿದರು. ಆ ದಿನ ಊಟ ಹನ್ನೆರಡೂವರೆಗಲ್ಲ, ಹನ್ನೊಂದೂ ಇಪ್ಪತ್ತಕ್ಕೇ, ಹೊಂಗೆ ಮರದ ಕೆಳಗೆ ಆಯಿತು.